ಹಯಗ್ರೀವರಾಯರ ಆಯ್ಕೆ

ಮೊದಲ ಹುಡುಗ ಆರನೆಯ ಚೆಂಡು ಎಸೆಯುವ ಹೊತ್ತಿಗೆ ಹಯಗ್ರೀವರಾಯರು ಅವನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿಯಾಗಿತ್ತು.

“ಸಿಟ್ಟು ಜಾಸ್ತಿ,” ಎಂದರು ಪಕ್ಕದಲ್ಲಿದ್ದ ಮಗಳು ಆಶ್ರಿತಾಗೆ.

ಅಂಪೈರ್ ಒಂದು ಎಸೆತ ಸರಿಯಿಲ್ಲ ಎಂದದ್ದಕ್ಕೆ ಆ ಹುಡುಗ, ಸಿದ್ಧಾಂತ್, ನೆಲಕ್ಕೆ ಒದ್ದಿದ್ದ, ಅಷ್ಟೇ. ಅವನ ವೇಗಕ್ಕೆ ಚೆಂಡು ಹಿಡಿಯುವವನು ಎರಡು ಸಲ ಕೈ ಕೊಡವಿಕೊಂಡಿದ್ದ. ಅದು ರಾಯರ ಕಣ್ಣಿಗೆ ಬೀಳಲಿಲ್ಲ.

ಸಿಂಗಪುರದ ಟೋವಾ ಪಾಯೋ ಮೈದಾನದಲ್ಲಿ ಆ ಭಾನುವಾರ ಕನ್ನಡದ ಹುಡುಗ ಹುಡುಗಿಯರ ಬೇಸ್‌ಬಾಲ್ ಲೀಗಿಗೆ ಹೊಸ ಪಿಚರ್‌ಗಳ ಪರೀಕ್ಷೆ. ಅಪ್ಪಂದಿರ ಕ್ರಿಕೆಟ್ ಪುರಾಣ ಕೇಳಿ ಕಿವಿ ತೂತಾದ ಮಕ್ಕಳು ಕಟ್ಟಿಕೊಂಡ ಲೀಗ್ ಇದು. ಚೆಂಡು ಎಸೆಯುವ ಪಿಚರ್ ಕೆಟ್ಟರೆ ತಂಡವೇ ಕೆಟ್ಟಿತು. ನಾಲ್ಕು ತಂಡ, ನಾಲ್ಕು ಹೊಸಬರು, ಸಂಜೆ ಡ್ರಾಫ್ಟ್, ಅಂದರೆ ಸರದಿಯ ಮೇಲೆ ಒಬ್ಬೊಬ್ಬರನ್ನು ಆರಿಸಿಕೊಳ್ಳುವುದು. ಕಳೆದ ವರ್ಷ ಎಲ್ಲ ಪಂದ್ಯ ಸೋತ ತಂಡಕ್ಕೆ ಮೊದಲ ಆಯ್ಕೆ. ಆ ಘನಕಾರ್ಯ ಮಾಡಿದ ತಂಡಕ್ಕೆ ಆಶ್ರಿತಾ ನಾಯಕಿ. ಈ ಸಲವೂ ಸೋತರೆ ನಾಯಕತ್ವ ಬೇರೆಯವರಿಗೆ ಎಂದು ಅವಳ ತಂಡದವರೇ ಮುಖಕ್ಕೆ ಹೇಳಿದ್ದರು.

ಅದಕ್ಕೇ ಅವಳು ಅಪ್ಪನ ಮೊರೆಹೊಕ್ಕಿದ್ದು. ಮೂವತ್ತು ವರ್ಷ ಸ್ಟ್ಯಾಟಿಸ್ಟಿಕ್ಸ್ ಪಾಠ ಹೇಳಿದ ಮನುಷ್ಯ. ಯಾರ ತಪ್ಪನ್ನಾದರೂ ಕುಂತಲ್ಲೇ ಕಂಡುಹಿಡಿಯಬಲ್ಲವರು. ಹೋದ ವಾರ ಯಿಶುನ್‌ನಲ್ಲಿರುವ ತಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ, ಸಿಂಗಪುರದಲ್ಲೇ ಬೆಳೆದ ತನ್ನ ಕನ್ನಡದಲ್ಲಿ ಕೇಳಿದ್ದಳು.

“ಅಪ್ಪ, ಸಂಡೇ ಹುಡುಗರನ್ನ ನೋಡೋಕೆ ಬಾ. ನೀನು ಓಕೆ ಅಂದೋನನ್ನೇ ಪಿಕ್ ಮಾಡ್ತೀನಿ ಲಾ.”

ರಾಯರು ಊಟ ಅರ್ಧಕ್ಕೇ ಬಿಟ್ಟು ಅಡುಗೆಮನೆಗೆ ಹೋಗಿ ಹೆಂಡತಿ ಜಲಜಾಗೆ ಸುದ್ದಿ ಮುಟ್ಟಿಸಿದ್ದರು. ಅಪ್ಪನಿಗೆ ಬೇಸ್‌ಬಾಲ್ ಮೇಲೆ ಇಷ್ಟು ಅಕ್ಕರೆಯೇ ಎಂದು ಮಗಳಿಗೆ ಆಶ್ಚರ್ಯ. ಇವತ್ತಂತೂ ಮಣ್ಣಿನ ಮೈದಾನಕ್ಕೆ ಇಸ್ತ್ರಿ ಮಾಡಿದ ಬಿಳಿ ಶರ್ಟು, ಪಾಲಿಶ್ ಹಾಕಿದ ಶೂ ತೊಟ್ಟು ಬಂದಿದ್ದರು. ಅವಳಿಗೆ ಒಳಗೊಳಗೇ ನಾಚಿಕೆಯಾಗಿತ್ತು.

ಎರಡನೆಯವನು ನೀರಜ್. ಅವನ ಚೆಂಡು ಕೊನೆಯ ಗಳಿಗೆಯಲ್ಲಿ ತಿರುಗುತ್ತಿತ್ತು. ಮೂವರು ಬ್ಯಾಟಿನವರು ಗಾಳಿಗೆ ಬೀಸಿ ಹೋದರು. ರಾಯರು ನೋಡಿದ್ದು ಮೊಣಕೈವರೆಗಿನ ಹಚ್ಚೆಯನ್ನು. ಮತ್ತೊಂದು ಗೆರೆ. ಮೂರನೆಯವನು ಬ್ಯಾಂಕಿನವನು, ತಿಂಗಳಲ್ಲಿ ಅರ್ಧ ಹಾಂಗ್‌ಕಾಂಗ್‌ನಲ್ಲೇ ಇರುತ್ತಾನಂತೆ. ಊರಲ್ಲೇ ಇರದವನು ಯಾತಕ್ಕೆ ಎಂದು ಅವನನ್ನೂ ಹೊಡೆದರು. ಅದೊಂದನ್ನು ಆಶ್ರಿತಾ ಒಪ್ಪಿದಳು.

ಉಳಿದವನು ಆಕರ್ಷ್. ಅವನು ಮಾಡಿದ್ದನ್ನು ಎಸೆತ ಎನ್ನಲು ನಾಲಿಗೆ ಏಳುವುದಿಲ್ಲ. ಮೊದಲ ಚೆಂಡು ನೆಲಕ್ಕೆ, ಎರಡನೆಯದು ಬೇಲಿಗೆ, ಮೂರನೆಯದು ಅಂಪೈರ್ ಅಂಕಲ್ ಮೊಣಕಾಲಿಗೆ. ಹುಡುಗ ಓಡಿಹೋಗಿ ಅಂಕಲ್‌ನ ಕ್ಷಮೆ ಕೇಳಿ, ಕೂರಿಸಿ, ನೀರು ಕುಡಿಸಿದ. ಮೈದಾನವೆಲ್ಲ ನಗುತ್ತಿದ್ದರೂ ಮುಖ ಗಂಟಿಕ್ಕಲಿಲ್ಲ.

ರಾಯರು ಮುಂದಕ್ಕೆ ಬಾಗಿದರು. ಕೆಲಸ ಏನು, ಮನೆ ಎಲ್ಲಿ ಎಂದು ವಿಚಾರಿಸಿದರು. ಪ್ರಾಕ್ಟೀಸಿಗೆ ಬರಲು ದೂರವಾಗುತ್ತದೆಯೇ ಎಂಬ ಲೆಕ್ಕಾಚಾರವಿರಬೇಕು ಎಂದುಕೊಂಡು ಆಶ್ರಿತಾ ಹೇಳಿದಳು: ಎಂಜಿನಿಯರ್, ಜುರಾಂಗ್ ಈಸ್ಟ್‌ನಲ್ಲಿ ಮನೆ, ಮೈಸೂರು ಕಡೆಯವರು. ಅಗೋ, ಮರದ ಕೆಳಗೆ ಕೂತಿರುವವರೇ ಅವನ ಅಪ್ಪ ಪದ್ಮನಾಭ ಅಂಕಲ್.

“ಇವನೇ,” ಎಂದರು ರಾಯರು.

“ಅಪ್ಪ, ಅವನಿಗೆ ಬಾಲ್ ಹಾಕೋಕೇ ಬರಲ್ಲ.”

“ಅದೆಲ್ಲ ಕಲಿಸ್ಬಹುದು. ಗುಣ ಕಲಿಸಕ್ಕಾಗಲ್ಲ. ನಾಲ್ಕೂವರೆ ಒಳಗೆ ಹೇಳ್ಬಿಡು.”

ಐದರವರೆಗೂ ಸಮಯವಿತ್ತು. ಸಿದ್ಧಾಂತನ ವೇಗ ಅವಳ ಕಣ್ಣಿಗೆ ಕಟ್ಟಿತ್ತು. ಆದರೂ ಅಷ್ಟು ಓದಿದ ಅಪ್ಪ ಏನೋ ಕಂಡಿರಲೇಬೇಕು. ನಾಲ್ಕು ಇಪ್ಪತ್ತಕ್ಕೆ ಎದ್ದು ಆಕರ್ಷ್ ಹೆಸರು ಹೇಳಿದಳು. ಅವಳ ತಂಡದವರೇ ಬಿದ್ದು ಬಿದ್ದು ನಕ್ಕರು. ಅವಳು ಕೂರುವ ಮೊದಲೇ ಪಕ್ಕದ ತಂಡ ಸಿದ್ಧಾಂತನನ್ನು ಎಗರಿಸಿಕೊಂಡಿತು. ಆಶ್ರಿತಾಗೆ ಅಳು ಉಕ್ಕಿ ಬಂತು.

ರಾಯರ ಕಣ್ಣೂ ತುಂಬಿತ್ತು. ಶರ್ಟು ಸರಿಮಾಡಿಕೊಂಡು ಮರದ ಕೆಳಗೆ ಹೋಗಿ ಪದ್ಮನಾಭರಿಗೆ ಕೈಮುಗಿದರು.

“ಹುಡುಗ ನಮಗೆ ಒಪ್ಪಿಗೆ, ರಾಹುಕಾಲಕ್ಕೆ ಮೊದ್ಲೇ ಮಗಳೂ ಎಲ್ಲರ ಎದುರಿಗೇ ಒಪ್ಕೊಂಡ್ಲು. ಜಾತಕ ಇವತ್ತೇ ಕಳಿಸ್ಕೊಡಿ, ಬೀಗರೇ.”