ಪ್ಯಾರಾಕ್ಕೊಂದು ಬೆರಳು

ಕಲ್ಲಿನ ಕ್ವಾರಿಯಲ್ಲಿ ಬಂಡೆ ಕುಸಿದು ಸತ್ತವರನ್ನು ಅಲ್ಲೇ ಗುಟ್ಟಾಗಿ ಹೂತುಹಾಕಿದ್ದನ್ನು ಗುರುಶಾಂತ ತನ್ನ ಬ್ಲಾಗಿನಲ್ಲಿ ಬರೆದ. ಮೂರನೆಯ ದಿನ ಕ್ವಾರಿ ಸಾಹುಕಾರನ ಆಳೊಬ್ಬ ಬಾಗಿಲು ಒದ್ದು ಒಳಬಂದು, ಅವನ ಎಡಗೈಯನ್ನು ಮೇಜಿಗೆ ಒತ್ತಿಹಿಡಿದು ಸುತ್ತಿಗೆ ತೋರಿಸಿದ.

"ಲೇ, ಅಳಿಸು ಅದನ್ನ."

"ಯಾರೂ ಓದಿಲ್ಲಣ್ಣ. ಈಗಿನ ಗಡಿಬಿಡಿ ಕಾಲದಾಗ ಹತ್ತು ಸಾಲು ದಾಟಿದ್ರ ಮಂದಿ ಬಿಟ್ಟು ಹೋಗ್ತಾರ."

"ಗೊತ್ತಿದ್ದೂ ಪುರಾಣ ಬರದೀಯಲ್ಲೋ."

"ಸತ್ತವ್ರು ಹನ್ನೊಂದು ಮಂದಿ. ಒಬ್ಬೊಬ್ಬರಿಗೆ ಒಂದೊಂದು ಪ್ಯಾರಾನಾದ್ರೂ ಬ್ಯಾಡೇನಣ್ಣ?"

ಆಳು ನಕ್ಕ. "ಹಂಗಾರ ಪ್ಯಾರಾಕ್ಕೊಂದು ಬೆರಳು. ಎಷ್ಟುದ್ದ ಬರೀಬೇಕು ಅನ್ನೂದು ನಿನಗ ತಿಳೀತದ."

ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡು ಮೊದಲ ಪ್ಯಾರಾ ಗಟ್ಟಿಯಾಗಿ ಓದಿ ಕಿರುಬೆರಳು ಜಜ್ಜಿದ. ಎರಡನೆಯದನ್ನು ಓದಿ ಅದರ ಪಕ್ಕದ ಬೆರಳು ಜಜ್ಜಿದ. ರಕ್ತ ಮೇಜಿನ ಅಂಚಿಗೆ ಹರಿಯಿತು.

ಮೂರನೆಯದನ್ನೂ ಆಳು ಅದೇ ದನಿಯಲ್ಲಿ ಶುರುಮಾಡಿದ. "ದ್ಯಾಮಣ್ಣ ತಳವಾರ, ನಲವತ್ತೆರಡು ವರ್ಷ. ಗೋವಾಕ್ಕೆ ಓಡಿಹೋದನೆಂದು ಹೆಂಡತಿಗೆ, ಮಗನಿಗೆ ಹೇಳಿಕಳಿಸಿದರು."

ಸುತ್ತಿಗೆ ಮೇಲೇಳಲಿಲ್ಲ. ಆ ಎರಡು ಸಾಲನ್ನು ಅವನು ತುಟಿ ಅಲ್ಲಾಡಿಸುತ್ತ ಮತ್ತೆ ಓದಿಕೊಂಡ. ಕೆಳಗೆ ಇನ್ನೇನಾದರೂ ಇದೆಯೇ ಎಂದು ಪರದೆ ಸರಿಸಿ ಹುಡುಕಿದ.

"ನಮ್ಮಪ್ಪಂದು ಯಾಕ ಇಷ್ಟು ಸಣ್ಣದು ಬರದೀಯೋ?"