ಹಳದಿ ದೀಪದಲ್ಲಿ ಗೆದ್ದ ಕೇಸು

ಸುಮ್ಮನೆ ಐನೂರು ರೂಪಾಯಿ ದಂಡ ಕಟ್ಟಿ ಬಂದಿದ್ದರೆ ತಿಪ್ಪೇಸ್ವಾಮಿಯವರಿಗೆ ಇದ್ಯಾವುದೂ ಗೊತ್ತೇ ಆಗುತ್ತಿರಲಿಲ್ಲ...

ದಾವಣಗೆರೆ ಕಡೆಯ ಒಂದು ಊರಿನಲ್ಲಿ ಅವರದೊಂದು ಡ್ರೈವಿಂಗ್ ಸ್ಕೂಲ್. ಅರ್ಧ ಊರಿಗೆ ಕ್ಲಚ್ಚು, ಬ್ರೇಕು ಕಲಿಸಿದವರು ಅವರೇ.

ಸ್ಕೂಲಿನ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಸಾಲು... "ಇಂದಿನವರೆಗೂ ನಮ್ಮ ಮೇಲೆ ಒಂದೂ ಟ್ರಾಫಿಕ್ ಕೇಸ್ ಇಲ್ಲ."

ಅಂಥವರಿಗೇ ನೋಟಿಸ್ ಬಂತು. ಸಿಗ್ನಲ್ ಜಂಪ್ ಅಂತ.

ತಿಪ್ಪೇಸ್ವಾಮಿ ಕೆಂಡಾಮಂಡಲವಾದರು. "ದಂಡ ಕಟ್ಟಿದ್ರೆ ತಪ್ಪು ಒಪ್ಕೊಂಡಂಗೆ. ಆ ಸಾಲು ಅಳಿಸ್ಬೇಕಾಗ್ತೈತೆ. ನಾನು ಕೋರ್ಟಿಗೇ ಹೋಗ್ತೀನಿ."

ವಕೀಲ ಹಾಲಪ್ಪ ಅವರ ಬಾಲ್ಯದ ಗೆಳೆಯ. "ದಂಡಕ್ಕಿಂತ ನನ್ನ ಫೀಸೇ ಜಾಸ್ತಿ ಆಗ್ತೈತೆ. ಮೂಗಿಗಿಂತ ಮೂಗುತಿ ಭಾರ ಕಣೋ" ಎಂದು ನಕ್ಕರು.

"ಆಗ್ಲಿ ಬಿಡು. ಇದು ಮರ್ಯಾದೆ ಪ್ರಶ್ನೆ."

ಕೇಸಿನ ದಿನ ಬೆಳಿಗ್ಗೆ ತಿಪ್ಪೇಸ್ವಾಮಿ ಕೆಂಚಮ್ಮನ ಬಳಿ ಹೂವು ತೆಗೆದುಕೊಳ್ಳಲು ನಿಂತರು. ಸ್ಕೂಲಿನ ಬಾಗಿಲ ಪಕ್ಕದಲ್ಲೇ ಕೂತು ಹೂ ಮಾರುವ ಹೆಂಗಸು ಆಕೆ. ಆಫೀಸಿನ ದೇವರ ಫೋಟೋಗೆ ದಿನಾ ಆಕೆಯದೇ ಹೂವು.

ಕೆಂಚಮ್ಮನ ಬಲಗೈಗೆ ದೊಡ್ಡ ಬ್ಯಾಂಡೇಜ್. ಮೊಳ ಹಾಕಲು ಆಗುತ್ತಿರಲಿಲ್ಲ. ಹೂವಿನ ದಂಡೆಯನ್ನು ಗಿರಾಕಿಗಳ ಕೈಗೇ ಕೊಟ್ಟು, "ನೀವೇ ಅಳ್ಕಳ್ರಿ" ಅನ್ನುತ್ತಿದ್ದಳು.

ಸಿಗ್ನಲ್ ಹತ್ತಿರ ಬಿದ್ದು ಕೈ ಮುರಿಯಿತು ಎಂದು ಆಕೆ ಹೇಳಿದ್ದ ದಿನ ತಿಪ್ಪೇಸ್ವಾಮಿ ಅಲ್ಲೇ ನಿಂತು ಒಂದು ಕ್ಲಾಸ್ ತೆಗೆದುಕೊಂಡಿದ್ದರು.

"ರಸ್ತೆ ದಾಟೋವಾಗ ಕಣ್ಣು ಎಲ್ಲಿಟ್ಟಿದ್ದೆ ಕೆಂಚಮ್ಮ? ಬಲಕ್ಕೆ ನೋಡ್ಬೇಕು, ಎಡಕ್ಕೆ ನೋಡ್ಬೇಕು, ಆಮೇಲೆ ಕಾಲಿಡ್ಬೇಕು."

"ಹೂಂ ಅಣ್ಣ" ಎಂದು ತಲೆಯಾಡಿಸಿದ್ದಳು, ಅಷ್ಟೇ.

ಈಗ ಸಿಗ್ನಲ್ ಕೇಸಿಗೆ ಕೋರ್ಟಿಗೆ ಹೊರಟಿದ್ದಾರೆ ಎಂದು ತಿಳಿದು, ಕೇಳದಿದ್ದರೂ ಇನ್ನೊಂದು ಮೊಳ ಸೇರಿಸಿ ಕೊಟ್ಟಳು.

"ಗೆದ್ದು ಬರ್ರಿ ಅಣ್ಣ. ನಿಮ್ಮ ಬೋರ್ಡು ಹಂಗೇ ಇರ್ಲಿ."

ಕೋರ್ಟಿನಲ್ಲಿ ಹಾಲಪ್ಪನವರ ಲೆಕ್ಕಾಚಾರ ಸರಳ. ಕ್ಯಾಮೆರಾ ವಿಡಿಯೋ ತೋರಿಸಿ ಎಂದು ಕೇಳುವುದು... ಪೊಲೀಸರ ಹತ್ತಿರ ಅದು ಸಿಗುವುದಿಲ್ಲ... ಕೇಸು ಬಿದ್ದುಹೋಗುತ್ತದೆ.

ಆದರೆ ಪೊಲೀಸರು ವಿಡಿಯೋ ತಂದೇಬಿಟ್ಟಿದ್ದರು.

ಪರದೆಯ ಮೇಲೆ ಕಾರು ಬಂತು. ಅದರ ನೆತ್ತಿಯ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು. ಹಳದಿ ದೀಪ ಹತ್ತಿದ್ದೇ ತಡ, ಕಾರು ಜೋರಾಗಿ ನುಗ್ಗಿತು. ಬಿಳಿ ಗೆರೆ ದಾಟಿದ ಮೇಲೆ ಕೆಂಪು ಬಿತ್ತು.

ಹಾಲಪ್ಪನವರ ಮುಖ ಅರಳಿತು. "ನೋಡಿ ಸ್ವಾಮಿ, ಮುಂದಿನ ಚಕ್ರ ಗೆರೆ ದಾಟುವಾಗ ದೀಪ ಹಳದಿ ಇದೆ. ಕೆಂಪು ಅಲ್ಲ."

ನ್ಯಾಯಾಧೀಶರೂ ಹೌದೆಂದು ತಲೆಯಾಡಿಸಿದರು. ಕೇಸು ಗೆದ್ದ ಹಾಗೆಯೇ...

ಹಾಲಪ್ಪ ನಗುತ್ತಾ ಗೆಳೆಯನ ಕಡೆ ತಿರುಗಿದರು. ತಿಪ್ಪೇಸ್ವಾಮಿಯವರ ಮುಖದಲ್ಲಿ ಕಳೆಯೇ ಇರಲಿಲ್ಲ. ಅವರು ಪರದೆಯ ಕಡೆ ಬೆರಳು ತೋರಿಸಿದರು.

"ಸ್ವಾಮಿ... ಆ ಎಡಗಡೆ ಮೂಲೆ... ಇನ್ನೊಂದು ಸಲ ಹಾಕಿಸ್ತೀರಾ?"

ಮತ್ತೆ ಹಾಕಿದರು. ದೀಪ ನೋಡುತ್ತಿದ್ದವರೆಲ್ಲ ಈಗ ಮೂಲೆ ನೋಡಿದರು.

ಸೊಂಟದಲ್ಲಿ ಬುಟ್ಟಿ ಇಟ್ಟುಕೊಂಡ ಹೆಂಗಸೊಬ್ಬಳು ಝೀಬ್ರಾ ಪಟ್ಟೆಗೆ ಒಂದು ಕಾಲು ಇಟ್ಟಳು. ನುಗ್ಗಿ ಬಂದ ಕಾರು ಕಂಡು ಬೆಚ್ಚಿ ಹಿಂದಕ್ಕೆ ಸರಿದಳು... ಫುಟ್‌ಪಾತಿನ ಅಂಚಿಗೆ ಕೈ ಬಡಿದು ಬಿದ್ದಳು. ಬುಟ್ಟಿ ಮಗುಚಿ ರಸ್ತೆ ತುಂಬಾ ಹೂವು.

ಕಾರು ನಿಲ್ಲಲಿಲ್ಲ.

ಆಕೆ ಕೆಂಚಮ್ಮ.

ತಿಪ್ಪೇಸ್ವಾಮಿಯವರಿಗೆ ತಮ್ಮದೇ ಮಾತು ನೆನಪಾಯಿತು. ಕಣ್ಣು ಎಲ್ಲಿಟ್ಟಿದ್ದೆ ಎಂದು ತಾವು ಕೇಳಿದ್ದು ಯಾರನ್ನು?

ಹಾಲಪ್ಪ ಅವರ ತೋಳು ಹಿಡಿದು ಪಿಸುಗುಟ್ಟಿದರು. "ಸುಮ್ನಿರು ಮಾರಾಯ. ಕಾರು ಆಕೆಗೆ ತಾಗೇ ಇಲ್ಲ. ಕೇಸು ನಮ್ದಾಗೈತೆ."

ತಿಪ್ಪೇಸ್ವಾಮಿ ಕೈ ಬಿಡಿಸಿಕೊಂಡರು.

"ಸ್ವಾಮಿ, ಹಳದಿ ಬಿದ್ರೆ ನಿಲ್ಸಬೇಕು, ಓಡಿಸ್ಬಾರ್ದು ಅಂತ ಊರಿಗೆಲ್ಲ ಪಾಠ ಹೇಳೋನು ನಾನು. ನಾನೇ ಓಡ್ಸಿದೀನಿ. ತಪ್ಪು ಒಪ್ಕೊಂತೀನಿ. ದಂಡ ಹಾಕ್ರಿ."

ಗೆದ್ದ ಕೇಸನ್ನು ಸೋಲುವ ಕಕ್ಷಿದಾರನನ್ನು ಹಾಲಪ್ಪ ತಮ್ಮ ಸರ್ವಿಸಿನಲ್ಲೇ ನೋಡಿರಲಿಲ್ಲ.

ವಾಪಸ್ ಬಂದಾಗ ಕೆಂಚಮ್ಮ ಅಲ್ಲೇ ಕೂತಿದ್ದಳು. "ಏನಾಯ್ತಣ್ಣ? ಗೆದ್ರಾ?"

ತಿಪ್ಪೇಸ್ವಾಮಿ ಆಕೆಯ ಬುಟ್ಟಿಯ ಮುಂದೆ ನೆಲದ ಮೇಲೇ ಕೂತುಬಿಟ್ಟರು.

"ಅವತ್ತು ನುಗ್ಗಿದ ಕಾರು... ನಂದು ಕೆಂಚಮ್ಮ."

ಆಕೆ ಹೂವಿನ ಮೇಲೆ ನೀರು ಚಿಮುಕಿಸುತ್ತಾ ಮೆಲ್ಲಗೆ ಹೇಳಿದಳು... "ನಂಗೊತ್ತು ಅಣ್ಣ."

"ಗೊತ್ತಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ? ನಿನಗೇ ಬೈದೆನಲ್ಲ ನಾನು..."

"ಕಾರಿನ ಮೇಲೆ ನಿಮ್ಮ ಬೋರ್ಡಿತ್ತಲ್ಲ, ಬಿದ್ದಲ್ಲಿಂದ್ಲೇ ಕಾಣ್ತು. ನೀವು ನನ್ನ ನೋಡಿಲ್ಲ ಅಂದ್ಕೊಂಡೆ. ನೋಡಿದ್ರೆ ನಿಲ್ಲಿಸ್ದಂಗೆ ಹೋಗೋರಲ್ಲ ನೀವು."

ಕೋರ್ಟಿನಲ್ಲಿ ಬಾರದ ಕಣ್ಣೀರು ಆಗ ಬಂತು. ತಮ್ಮ ಬಗ್ಗೆ ತಮಗೇ ಇಲ್ಲದ ನಂಬಿಕೆ ಆಕೆಗಿತ್ತು.

ಮರುದಿನ ಏಣಿ ಹತ್ತಿ ಬೋರ್ಡಿನ ಆ ಸಾಲನ್ನು ತಾವೇ ಬಣ್ಣ ಬಳಿದು ಅಳಿಸಿದರು. ಕೆಂಚಮ್ಮನ ಕೈಯ ಚಿಕಿತ್ಸೆಯನ್ನೂ ತಾವೇ ಮಾಡಿಸಿದರು.

ಆಕೆಯ ಕೈ ಕೂಡುವವರೆಗೂ ಬೆಳಿಗ್ಗೆ ಬುಟ್ಟಿಯ ಪಕ್ಕ ನಿಂತು ಗಿರಾಕಿಗಳಿಗೆ ಮೊಳ ಹಾಕಿ ಕೊಟ್ಟವರು ಡ್ರೈವಿಂಗ್ ಸ್ಕೂಲಿನ ಮಾಲೀಕರೇ. "ನಿಮ್ಮ ಮೊಳ ಉದ್ದ ಅಣ್ಣ, ನಂಗೆ ಲಾಸು" ಎಂದು ಕೆಂಚಮ್ಮ ದಿನಾ ಗೊಣಗುತ್ತಿದ್ದಳಂತೆ...

*ಕೋರ್ಟು ದೀಪದ ಬಣ್ಣ ನೋಡುತ್ತದೆ... ನಮ್ಮ ಹಿಂದೆ ಬಿದ್ದವರನ್ನು ನಾವೇ ನೋಡಬೇಕು.*

ಅವಸರದಲ್ಲಿ ನೀವು ದಾಟಿ ಬಂದ ಜಾಗದಲ್ಲಿ ಯಾರಾದರೂ ಬಿದ್ದಿರಬಹುದಾ... ಒಮ್ಮೆಯಾದರೂ ತಿರುಗಿ ನೋಡಿದ್ದೀರಾ?