ಮೊದಲ ಗುಡಿಸಲಿನ ಗಂಗಾಳ

ಇಲಿಗೂಡು ತೊಳೆಯುತ್ತಿದ್ದ ಖಂಡಪ್ಪನ ಕೈ ಗಕ್ಕನೆ ನಿಂತಿತು. "ರೆಟ್ರೊವೈರಸ್ ಹೊಕ್ಕ ಜೀವಕೋಶ ಉಂಟಲ್ಲ ಮಾರಾಯ, ತಾನು ಉಳಿಯದಿದ್ದರೂ ಇಂಟರ್‌ಫೆರಾನ್ ಅಂತ ಒಂದು ಸಂಕೇತ ಕಳಿಸಿ ನೆರೆಕೋಶಗಳನ್ನು ಎಚ್ಚರಿಸ್ತದೆ," ಎಂದು ಆಗತಾನೇ ಹೇಳಿದ್ದರು ಮುಂಬೈ ಪರೇಲಿನ ಪ್ರಯೋಗಾಲಯದ ಡಾಕ್ಟರ್ ಸೇವಂತಿ.

ಖಾಡಿಯ ಉಪ್ಪುನೀರಿನಂಚಿನ ಸಾಲಿನಲ್ಲಿ ಖಂಡಪ್ಪನ ಅವ್ವನದೇ ಮೊದಲ ಗುಡಿಸಲು. ಗುಡಿಸಲು ಕೆಡಹುವ ಪಾಲಿಕೆಯ ಲಾರಿ ಬಂದಾಗಲೆಲ್ಲ ಅವಳು ತನ್ನ ಗಂಟುಮೂಟೆ ಬಿಟ್ಟು ಉಣ್ಣುವ ಗಂಗಾಳ ಬಡಿಯುತ್ತಿದ್ದಳು. ಹಿಂದಿನ ಗುಡಿಸಲುಗಳವರು ಕೂಸು, ಪಾತ್ರೆ ಎತ್ತಿಕೊಂಡು ಪಾರಾಗುತ್ತಿದ್ದರು. ಅವ್ವನ ಒಲೆ ಪ್ರತಿಸಲ ಮಣ್ಣಾಗುತ್ತಿತ್ತು. "ಹುಚ್ಚಿ, ಮೊದಲ ನಿಂದು ನೋಡ್ಕೋ," ಎಂದು ಅವನು ಬೈದರೆ ನಗುತ್ತಿದ್ದಳು: "ಮೊದಲ ಮನಿಯವ್ರು ಸುಮ್ನಿದ್ರ ಉಳಿದವ್ರಿಗೆ ಹೇಳಾವ್ರು ಯಾರೋ?"

ಅವ್ವ ತೀರಿ ವರ್ಷವಾಗಿತ್ತು. ಮೊದಲ ಗುಡಿಸಲು ಬಿಟ್ಟು ಸಾಲಿನ ಹಿಂದಿನದೊಂದಕ್ಕೆ ಹೋಗಲು ನಿರ್ಧರಿಸಿದ್ದ ಖಂಡಪ್ಪ ಆ ನೆಗ್ಗಿದ ಗಂಗಾಳವನ್ನು ಗುಜರಿಗೆಂದು ಚೀಲದಲ್ಲಿ ತಂದಿದ್ದ. ಈಗ ಹೊರತೆಗೆದು ಅಂಗಿಯಿಂದ ಒರೆಸಿದ.

"ಇದೆಂಥದು ಖಂಡಪ್ಪ?"

"ಅವ್ವನ ಗಂಗಾಳ್ರಿ, ಡಾಕ್ಟರಬಾಯಿ. ಬಾಗಿಲಿಗೆ ತೂಗಹಾಕ್ತೀನಿ. ಮೊದಲ ಗುಡಿಸಲು ನಾ ಬಿಡೂದಿಲ್ಲ."